ಕಟ್ಟೆ ಏರಿದ ಅಳತೆಗಲ್ಲಿಗೆ ಕೆಳಗೇರಿಯ ಪರವಾಗಿ

ಏಟಿಗಡ್ಡಪಲ್ಲಿ ಸೇತುವೆಯ ಮಗ್ಗುಲಲ್ಲಿ ಬಿಸಿಲು, ಗಾಳಿ, ಮೇಕೆಗಳ ಉಜ್ಜಾಟ ಯಾವುದಕ್ಕೂ ಜಗ್ಗದೆ ನಿಂತಿರುವ ನೀರಾವರಿ ಇಲಾಖೆಯ ಅಳತೆಗಲ್ಲಿನ ಸನ್ನಿಧಿಗೆ, ಇದೇ ಊರಿನ ಹಾಲು ಸಂಘದ ಕಾರ್ಯದರ್ಶಿ ಕೋದಂಡರಾಮಪ್ಪ ಮಾಡುವ ದೀರ್ಘದಂಡ ನಮಸ್ಕಾರಗಳು.

ಮಾನ್ಯರೇ,

ಹಾಲಿನ ಕ್ಯಾನು ಸಾಗಿಸುವಾಗ ತಮ್ಮನ್ನು ದಿನವೂ ಕಣ್ಣಾರೆ ಕಾಣುತ್ತಿರುವುದರಿಂದ ಕ್ಷೇಮ ಸಮಾಚಾರ ವಿಚಾರಿಸುವ ಅಗತ್ಯ ಬೀಳುತ್ತಿಲ್ಲ. ಕಳೆದ ವರ್ಷ, ಅಂದರೆ ಎರಡು ಸಾವಿರದ ಐದರ ದೀಪಾವಳಿಯ ಆಸುಪಾಸಿನಲ್ಲಿ ಹೊಳೆ ಬಂದು ಕೆಳಗೇರಿಯ ಮನೆಗಳೊಳಗೆ ಹೊಕ್ಕಾಗಲೂ ತಾವು ಕ್ಷೇಮವಾಗಿಯೇ ಇದ್ದಿರಿ. ಕೆಳಗೇರಿಯ ಅಂಜಮ್ಮನ ಸೀಮೆಹಸು ಮಾತ್ರ ಕ್ಷೇಮವಾಗಿರಲಿಲ್ಲ. ಈಗ ಹಿಂಗಾರು ಮತ್ತೆ ಹತ್ತಿರ ಬಂದಿದೆ, ಅಂಜಮ್ಮ ಅದೇ ಮನೆಯಲ್ಲಿದ್ದಾಳೆ, ತಾವೂ ಅದೇ ಎತ್ತರದಲ್ಲಿದ್ದೀರಿ. ಆದ್ದರಿಂದ ಸ್ವಲ್ಪ ಅವಸರದಲ್ಲಿ ಬರೆಯುತ್ತಿದ್ದೇನೆ, ಅನ್ಯಥಾ ಭಾವಿಸಬಾರದು.

ತಾವು ನಮ್ಮೂರಿಗೆ ದಯಮಾಡಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ತೊಂಬತ್ತರ ದಶಕದ ಕೊನೆಯ ಬೇಸಿಗೆ. ಆಗ ನಮಗೆ ಹೊಳೆ ಎಂದರೆ ಮರಳು ಲಾರಿಗಳು ಓಡಾಡುವ ದಾರಿ. ಅದು ಮುಂದೆ ಹೋಗಿ ಪಾಲಾರು ಸೇರುತ್ತದೆ ಎಂಬುದನ್ನು ನಾವು ಹಿರಿಯರ ಬಾಯಿಂದ ಕೇಳಿದ್ದೆವೇ ಹೊರತು ಸೇರಿದ್ದನ್ನು ಕಂಡವರು ಕಡಿಮೆ. ಅಂಥ ಒಣ ಮರಳಿನಲ್ಲಿ ಇಲಾಖೆಯ ಯುವ ಎಂಜಿನಿಯರರೊಬ್ಬರು ಮೂರು ಕಾಲಿನ ದುರ್ಬೀನು ಇಟ್ಟು, ಕೆಳಗೇರಿಯ ಹೊಸ್ತಿಲುಗಳ ಕಡೆ ಒಂದು ಕಣ್ಣು ಮುಚ್ಚಿ ನೋಡಿ, ತಮ್ಮನ್ನು ನೆಟ್ಟರು. ಮೈಯೆಲ್ಲ ಬಿಳಿ ಬಣ್ಣ, ಅದರ ಮೇಲೆ ಕಪ್ಪು ಅಂಕಿ, ನಡುವಿನಲ್ಲಿ ಒಂದು ಹಳದಿ ಪಟ್ಟಿ, ಅದರ ಮೇಲೆ ಒಂದು ಕೆಂಪು ಪಟ್ಟಿ. ನೀರು ಹಳದಿ ಮುಟ್ಟಿದರೆ ಎಚ್ಚರಿಕೆ, ಕೆಳಗೇರಿಯಲ್ಲಿ ತಮಟೆ ಹೊಡೆಸಿ ದನಕರು ಬಿಚ್ಚಿಸಬೇಕು. ಕೆಂಪು ಮುಟ್ಟಿದರೆ ಅಪಾಯ, ಶಾಲೆಯ ಬೀಗ ತೆಗೆಸಿ ಜನರನ್ನು ಕೂರಿಸಿ ಗಂಜಿ ಕಾಯಿಸಬೇಕು. ಹಳದಿ ಪಟ್ಟಿಯನ್ನು ಕೆಳಗೇರಿಯ ಹೊಸ್ತಿಲಿಗಿಂತ ಒಂದು ಗೇಣು ತಗ್ಗಿಗೇ ಬರುವಂತೆ ನೆಟ್ಟಿದ್ದೇನೆ, ಮನೆಗೆ ನೀರು ನುಗ್ಗುವ ಮೊದಲೇ ಸುದ್ದಿ ಮುಟ್ಟುತ್ತದೆ ಎಂದು ಆ ಹುಡುಗ ಬೆವರು ಒರೆಸಿಕೊಳ್ಳುತ್ತ ವಿವರಿಸಿದರು. ನೀರಿಲ್ಲದ ಹೊಳೆಗೆ ಇಷ್ಟು ಮುತುವರ್ಜಿಯೇ ಎಂದು ನಾವೆಲ್ಲ ಮುಸಿಮುಸಿ ನಕ್ಕೆವು. ಅವರು ವರ್ಗವಾಗಿ ಹೋದರು.

ಆಮೇಲೆ ತಮಗೆ ಒದಗಿದ ಬಡ್ತಿ ಯಾವ ಸರ್ಕಾರಿ ನೌಕರನಿಗೂ ಒದಗಲಾರದು. ಮೇಲಿನ ಬೀದಿಯ ದೊಡ್ಡಗಂಗಮ್ಮನವರು ಒಂದು ಶುಕ್ರವಾರ ಆ ದಾರಿಯಲ್ಲಿ ಬರುವಾಗ, ಹೊಳೆಯ ನಡುವೆ ಅರಿಶಿನದ ಬಣ್ಣ, ಅದರ ಮೇಲೆ ಕುಂಕುಮದ ಬಣ್ಣ ಹೊತ್ತು ಒಂಟಿಯಾಗಿ ನಿಂತಿರುವ ತಮ್ಮನ್ನು ಕಂಡು, "ಅಯ್ಯೋ ತಲ್ಲೀ, ಇಲ್ಲಿ ಬಂದು ನಿಂತಿದೀಯಾ" ಎಂದು ಅಲ್ಲೇ ಕೈ ಮುಗಿದರು. ನೀರಿನ ದೇವತೆ ಗಂಗಮ್ಮ ಯಾರೂ ಕೂರಿಸದೆ ತಾನಾಗಿ ಬಂದಿದ್ದಾಳೆ ಎಂಬ ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಇಲಾಖೆಯವರು ನೆಟ್ಟದ್ದು ಎಂದು ನಾನು ಹೇಳಿದ್ದಕ್ಕೆ, ಇಲಾಖೆಯವರ ಬುದ್ಧಿಗೆ ಅದನ್ನು ಹೊಳೆಸಿದವಳು ಯಾರು ಎಂದು ದೊಡ್ಡಗಂಗಮ್ಮನವರು ಕೇಳಿದರು. ಮುಂದಿನ ಶುಕ್ರವಾರ ನಾಲ್ಕು ಹನಿ ಮಳೆ ಬೇರೆ ಬಿತ್ತು. ಅಲ್ಲಿಗೆ ವಾದ ಮುಗಿಯಿತು.

ಮರಳು ಲಾರಿಗಳು ಧೂಳೆಬ್ಬಿಸುವ, ಮೇಕೆಗಳು ಹಿಕ್ಕೆ ಹಾಕುವ ಜಾಗದಲ್ಲಿ ತಾಯಿ ನಿಲ್ಲುವುದು ಊರಿಗೆ ಶ್ರೇಯಸ್ಸಲ್ಲವೆಂದು ದೊಡ್ಡವೆಂಕಟಪ್ಪನವರಿಗೆ ಅನ್ನಿಸಿದ್ದು ಆಮೇಲೆ. ಅವರು ಮೇಲಿನ ಬೀದಿಯ ಯಜಮಾನರು, ಮನಸ್ಸು ಮಾಡಿದರೆ ಕೈ ಬಿಗಿ ಹಿಡಿಯುವವರಲ್ಲ. ಮಾಲೂರಿನಿಂದ ಇಟ್ಟಿಗೆ ತರಿಸಿ, ತಾವು ನಿಂತಿದ್ದ ಜಾಗದ ಪಕ್ಕದಲ್ಲೇ ಸೊಂಟದೆತ್ತರದ ಕಟ್ಟೆ ಕಟ್ಟಿಸಿ, ಓಲಗ ಊದಿಸಿ, ತಮ್ಮನ್ನು ಮರಳಿನಿಂದ ಕಿತ್ತು ಅದರ ಮೇಲೆ ಸಿಮೆಂಟಿನಲ್ಲಿ ಕೂರಿಸಿದರು. ಹೀಗೆ ತಮ್ಮ ಜೊತೆಗೆ ಎಚ್ಚರಿಕೆಯೂ ಅಪಾಯವೂ ಸೊಂಟದೆತ್ತರ ಮೇಲೇರಿದವು. ಕೆಳಗೇರಿಯ ಹೊಸ್ತಿಲುಗಳನ್ನು ಏರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆ ದಿನ ಪ್ರಸಾದದ ತಂಬಿಟ್ಟು ಚೆನ್ನಾಗಿತ್ತು.

ಇನ್ನು ಕಳೆದ ವರ್ಷದ ಸಂಗತಿ. ಮೇಲಿನ ಕೆರೆಗಳು ಒಂದರ ಹಿಂದೊಂದು ತುಂಬಿ ಕೋಡಿ ಬಿದ್ದಾಗ ನಾವು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನೋಡಲು ಹೋದವರೇ. ಕೋಡಿ ಹರಿಯುವ ನೀರು ಕಂಡು ಕಣ್ಣು ತುಂಬಿಕೊಂಡವರೂ ಇದ್ದರು, ನಾನೂ ಅವರಲ್ಲೊಬ್ಬ. ಆ ನೀರು ನಮ್ಮ ಮನೆಗೇ ಬರುತ್ತದೆ ಎಂಬುದು ತೋಚಲಿಲ್ಲ. ಮಾರನೆಯ ಬೆಳಿಗ್ಗೆ ಹಾಲು ಅಳೆಯುವ ಹೊತ್ತಿಗೆ ಹೊಳೆ ಬಂತು. ಮೊದಲು ಕೆಳಗೇರಿಯ ದಾರಿ ಮುಳುಗಿ ಹಾಲಿನ ವ್ಯಾನು ಆಚೆ ದಡದಲ್ಲಿ ನಿಂತಿತು, ನಮ್ಮ ಕ್ಯಾನುಗಳಲ್ಲಿ ಹಾಲು ಒಡೆಯಿತು. ಆಗ ನೀರು ತಮ್ಮ ಕಟ್ಟೆಯ ಬುಡದಲ್ಲಿತ್ತು. ಆಮೇಲೆ ಹಿಪ್ಪುನೇರಳೆ ತೋಟಗಳು ಹೋದವು, ರೇಷ್ಮೆಹುಳುಗಳಿಗೆ ಆ ದಿನದ ಸೊಪ್ಪಿಲ್ಲ. ಆಗ ನೀರು ತಮ್ಮ ಪಾದ ತೊಳೆಯುತ್ತಿತ್ತು, ಅಂದರೆ ತಮ್ಮ ಲೆಕ್ಕದಲ್ಲಿ ಹೊಳೆಯಲ್ಲಿ ನೀರೇ ಇರಲಿಲ್ಲ. ಆಮೇಲೆ ಅದು ಅಂಜಮ್ಮನ ಹೊಸ್ತಿಲು ದಾಟಿ ಒಲೆ ಆರಿಸಿ, ರಾಗಿ ತುಂಬಿದ ಮಣ್ಣಿನ ವಾಡೆಯನ್ನು ಮಗುಚಿ ಹಾಕಿತು.

ತಮ್ಮ ಮೈಮೇಲಿನ ಅಂಕಿ ಓದಿ ಇಲಾಖೆಗೆ ಫೋನು ಮಾಡುವ ಹೊಣೆ ನೀರುಗಂಟಿ ಕದಿರೇಶನದು. ಅವನು ಸೇತುವೆಯ ಮೇಲೆ ಛತ್ರಿ ಹಿಡಿದು ತಮ್ಮನ್ನೇ ನೋಡುತ್ತ ನಿಂತಿದ್ದ. ಅಂಜಮ್ಮ ಬಾಗಿಲಲ್ಲಿ ನಿಂತು, "ಲೇ ಕದಿರೇಶಾ, ಒಲೆಗೆ ನೀರು ಬಂತು ಕಣೋ, ತಮಟೆ ಹೊಡ್ಸೋ" ಎಂದು ಕೂಗಿದ್ದನ್ನು ನಾನು ಕೇಳಿದ್ದೇನೆ. "ಇರಕ್ಕಾ, ಅಮ್ಮ ಇನ್ನೂ ಹಳ್ದಿ ಮುಟ್ಟುಸ್ಕೊಂಡಿಲ್ಲ" ಎಂದು ಅವನು ಹೇಳಿದ್ದನ್ನೂ ಕೇಳಿದ್ದೇನೆ. ಅವನ ಮೇಲೆ ದೂರಿಲ್ಲ, ಹೇಳಿದ ಕೆಲಸ ಮಾಡಿದ. ಕೊಟ್ಟಿಗೆಯಿರುವುದು ಮನೆಯ ಹಿಂದಿನ ತಗ್ಗಿನಲ್ಲಿ. ತಮಟೆ ಕೇಳಿದ ಮೇಲೆ ಬಿಚ್ಚಿದರಾಯಿತೆಂದು, ಆ ಮಳೆಯಲ್ಲಿ ಹೊರಗೆ ಬಿಟ್ಟರೆ ಗಬ್ಬದ ಹಸು ಜಾರಿ ಬೀಳುತ್ತದೆಂದು, ಆಕೆ ಕಾದಳು. ಹಗ್ಗ ಬಿಚ್ಚಲು ಹೋದಾಗ ನೀರು ಆಕೆಯ ಎದೆಗೆ ಬಂದಿತ್ತು, ಗಂಟು ನೆನೆದು ಬಿಗಿದಿತ್ತು. ನಾವು ನಾಲ್ಕು ಜನ ಆಕೆಯನ್ನು ಎಳೆದು ತಂದೆವು, ಗಂಟಿನಿಂದಾಚೆ ಜೋತಾಡುತ್ತಿದ್ದ ಹಗ್ಗದ ತುದಿ ಕಿತ್ತು ಆಕೆಯ ಕೈಯಲ್ಲೇ ಉಳಿಯಿತು. ಹಸುವನ್ನು ತರಲಾಗಲಿಲ್ಲ. ದಿನವೂ ಬೆಳಿಗ್ಗೆ ನನ್ನ ಮುಂದೆ ಕ್ಯಾನು ಇಟ್ಟು, "ನೋಡಣ್ಣಾ, ನೀರಿಲ್ಲ ತಾನೆ?" ಎಂದು ನಗುತ್ತಿದ್ದವಳು ಆ ದಿನ ಮೇಲಿನ ಬೀದಿಯ ಜಗಲಿಯ ಮೇಲೆ ಕೂತು ಆ ತುಂಡು ಹಗ್ಗವನ್ನು ಬಿಡಲೇ ಇಲ್ಲ. ನನಗೆ ಅವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ಸಭ್ಯ ಪತ್ರದಲ್ಲಿ ಇದನ್ನು ಬರೆಯಬಾರದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ನೀರಿಳಿದ ಮೇಲೆ ಇಲಾಖೆಯ ಹೊಸ ಅಧಿಕಾರಿಗಳು ಜೀಪಿನಲ್ಲಿ ಬಂದರು. ಬೂಟು ಕಳಚಿ ಕಟ್ಟೆ ಹತ್ತಿದರು, ದೊಡ್ಡಗಂಗಮ್ಮನವರು ಕೊಟ್ಟ ಮಂಗಳಾರತಿ ತೆಗೆದುಕೊಂಡರು, ಅರಿಶಿನವನ್ನು ಬೆರಳಲ್ಲಿ ನಯವಾಗಿ ಸರಿಸಿ ಕೆಸರಿನ ಗುರುತು ನೋಡಿದರು. ಹಳದಿಯನ್ನೇ ಮುಟ್ಟಿಲ್ಲ, ಆದ್ದರಿಂದ ಏಟಿಗಡ್ಡಪಲ್ಲಿಯಲ್ಲಿ ಪ್ರವಾಹ ಆಗಿಲ್ಲ ಎಂದರು. ಹಾಗಾದರೆ ಕೆಳಗೇರಿಯೊಳಗಿದ್ದದ್ದು ಏನೆಂದು ಕೇಳಿದೆ. ನೀರು ಎಂದರು. ಕಲ್ಲನ್ನೇ ಮೇಲಕ್ಕೆತ್ತಿ ಕೂರಿಸಿದ್ದಾರೆ ಸ್ವಾಮಿ, ಕಟ್ಟೆ ನಿಮ್ಮ ಕಾಲ ಕೆಳಗೇ ಇದೆಯಲ್ಲ ಎಂದೆ. ಇಲಾಖೆಯ ಕಲ್ಲು ಇಲಾಖೆಯ ಅನುಮತಿಯಿಲ್ಲದೆ ಏರುವಂತಿಲ್ಲ, ಅನುಮತಿ ಕೊಟ್ಟಿಲ್ಲ, ಆದ್ದರಿಂದ ಏರಿಲ್ಲ ಎಂದು ಅವರು ಸಮಾಧಾನವಾಗಿ ತಿಳಿಸಿ, ತೆಂಗಿನಕಾಯಿಯ ಹೋಳು ಹಿಡಿದು ಜೀಪು ಹತ್ತಿದರು.

ಸರಿ, ಇಲಾಖೆ ಇಳಿಸದಿದ್ದರೆ ನಾವೇ ಇಳಿಸೋಣವೆಂದು ಊರ ಸಭೆಯಲ್ಲಿ ಕೇಳಿದೆ. ಒಮ್ಮೆ ಕೂರಿಸಿದ ತಾಯಿಯನ್ನು ಇಳಿಸುವುದುಂಟೇ ಎಂದು ದೊಡ್ಡವೆಂಕಟಪ್ಪನವರು ಕಿವಿ ಮುಚ್ಚಿಕೊಂಡರು. ಅದೂ ಅಲ್ಲದೆ ತಾವು ಕಟ್ಟೆ ಏರಿದ ಮೇಲೆ ತಾನೆ ಹೊಳೆಗೆ ನೀರು ಬಂದದ್ದು, ಇಳಿಸಿದರೆ ಮತ್ತೆ ಬರ ಬಂದರೆ ಯಾರು ಹೊಣೆ ಎಂಬ ಪ್ರಶ್ನೆಯೂ ಎದ್ದಿತು. ಕೆಳಗೇರಿಗಾಗಿ ಒಂದು ವಿಶೇಷ ಪೂಜೆ ಮಾಡಿಸೋಣವೆಂದು ತೀರ್ಮಾನವಾಗಿ ಸಭೆ ಮುಗಿಯಿತು. ಅಂಜಮ್ಮ ಕೊನೆಯವರೆಗೂ ಬಾಗಿಲ ಬಳಿ ನಿಂತೇ ಇದ್ದಳು, ಆಕೆಯನ್ನು ಯಾರೂ ಏನೂ ಕೇಳಲಿಲ್ಲ. ಈ ಬೇಸಿಗೆಯಲ್ಲಿ ಆಕೆ ಸಂಘದ ಸಾಲದಲ್ಲಿ ಒಂದು ಕರು ತಂದು ಅದೇ ಕೊಟ್ಟಿಗೆಯಲ್ಲಿ ಕಟ್ಟಿದ್ದಾಳೆ. ಬೇರೆ ಜಾಗ ಆಕೆಗಿಲ್ಲ. ಮಳೆ ಬಂದಾಗ ಯಾವ ಹೊತ್ತಿಗೆ ಬಿಚ್ಚಬೇಕೆಂದು ಆಕೆಗೆ ಹೇಳುವವರು ಯಾರು ಎಂಬುದೊಂದೇ ನನ್ನ ಪ್ರಶ್ನೆ.

ಆದ್ದರಿಂದ ತಮ್ಮಲ್ಲಿ ನೇರವಾಗಿ ಬಿನ್ನಹ. ಇಲಾಖೆ ಹೇಳಿದರೆ ಊರು ಕೇಳುವುದಿಲ್ಲ, ಊರು ಹೇಳಿದರೆ ಇಲಾಖೆ ನಂಬುವುದಿಲ್ಲ, ಎರಡೂ ಕಡೆ ಮರ್ಯಾದೆ ಉಳಿದಿರುವುದು ತಮಗೊಬ್ಬರಿಗೇ. ದಯವಿಟ್ಟು ತಾವಾಗಿಯೇ ಕಟ್ಟೆಯಿಂದ ಇಳಿಯಿರಿ. ಇಳಿಯುವುದು ಕಷ್ಟವಾದರೆ ಹಳದಿ ಪಟ್ಟಿಯನ್ನಾದರೂ ಸೊಂಟದಷ್ಟು ಕೆಳಗೆ ಜಾರಿಸಿಕೊಳ್ಳಿ. ಅದೂ ಆಗದಿದ್ದರೆ ದೊಡ್ಡವೆಂಕಟಪ್ಪನವರ ಕನಸಿನಲ್ಲಿ ಕಾಣಿಸಿಕೊಂಡು, ಎತ್ತರದಲ್ಲಿ ಕೂತು ತಮಗೆ ಬೆನ್ನು ನೋವು ಬಂದಿದೆ ಎಂದು ಒಂದು ಮಾತು ಹೇಳಿ, ಅವರು ನನ್ನ ಮಾತಿಗಿಂತ ಕನಸನ್ನು ಹೆಚ್ಚು ನಂಬುತ್ತಾರೆ. ಇದಾವುದೂ ತಮ್ಮ ಅಂತಸ್ತಿಗೆ ಸರಿಹೊಂದದಿದ್ದರೆ, ಕೆಳಗೇರಿಯನ್ನು ಹೊಸ್ತಿಲು, ಒಲೆ, ಕೊಟ್ಟಿಗೆ ಸಮೇತ ಸೊಂಟದೆತ್ತರ ಮೇಲಕ್ಕೆತ್ತಿ ಕೊಡಬೇಕಾಗಿ ಪ್ರಾರ್ಥನೆ.

ತಮ್ಮ ಹಳದಿ ಪಟ್ಟಿಗಿಂತ ಕೆಳಗೆ ಬದುಕುತ್ತಿರುವವರ ಪರವಾಗಿ, ಎಂದೆಂದೂ ತಮ್ಮ ವಿಶ್ವಾಸಿ,
ಕೋದಂಡರಾಮಪ್ಪ

ಕೊನೆಯದಾಗಿ ಇನ್ನೊಂದು ಮಾತು: ಈ ಪತ್ರ ಬರೆದು ಮಡಿಸುವಷ್ಟರಲ್ಲಿ ಒಂದು ಬೆಳವಣಿಗೆಯಾಗಿದೆ, ತಮಗೆ ನನಗಿಂತ ಮೊದಲೇ ಗೊತ್ತಿರುತ್ತದೆ. ಇವತ್ತು ಬೆಳಿಗ್ಗೆ ಅಂಜಮ್ಮ ಚಾಪೆ, ಪಾತ್ರೆ, ಕರು ಎಲ್ಲವನ್ನೂ ತಂದು ತಮ್ಮ ಕಟ್ಟೆಯ ಮೇಲೆ, ತಮ್ಮ ಪಕ್ಕದಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿದ್ದಾಳೆ. ದೊಡ್ಡವೆಂಕಟಪ್ಪನವರು ಓಡಿ ಬಂದು ಅಪಚಾರವೆಂದು ಗದರಿದಾಗ ಆಕೆ ಎದ್ದು ನಿಲ್ಲಲೂ ಇಲ್ಲ. "ಅಮ್ಮನ್ನ ಇಳಿಸ್ಬಾರ್ದು ಅಂದ್ರಲ್ಲಣ್ಣಾ, ಒಳ್ಳೇದು, ಇಳಿಸ್ಬೇಡಿ. ನಾನೂ ಅಮ್ಮನ ಪಕ್ಕದಲ್ಲೇ ಇರ್ತೀನಿ. ಹೊಳೆ ಬಂದ ದಿನ ನಮ್ಮಿಬ್ರಲ್ಲಿ ಯಾರ್ನ ಎತ್ಕೊಂಡು ಓಡ್ತೀರೋ ನೋಡ್ತೀನಿ" ಎಂದಳು. ಮೇಲಿನ ಬೀದಿಯವರು ಇದಕ್ಕೆ ಉತ್ತರ ಹುಡುಕಲು ಸಂಜೆ ಸಭೆ ಸೇರಲಿದ್ದಾರೆ. ಮೇಲಿನ ಕೆರೆಗಳಿರುವ ದೇವರಾಯಸಮುದ್ರದ ಕಡೆ ಮೋಡ ಕಪ್ಪಾಗಿ ಕಟ್ಟಿದೆ. ಈ ಸಲ ನೀರು ಬರುವುದು ತಮಗೆ ಗೊತ್ತಾದರೆ ಅಂಕಿ, ಪಟ್ಟಿ, ಫೋನು ಯಾವ ತೊಂದರೆಯನ್ನೂ ತೆಗೆದುಕೊಳ್ಳಬೇಡಿ. ಆಕೆ ಕೈಗೆಟುಕುವಷ್ಟು ಹತ್ತಿರದಲ್ಲಿದ್ದಾಳೆ, ಮೆಲ್ಲಗೆ ಒಂದು ಮಾತು ಹೇಳಿದರೂ ಕೇಳಿಸುತ್ತದೆ.