ಮಹಡಿ ಮನೆಯ ಮಧ್ಯಾಹ್ನದ ಕುಣಿತ

ಐವತ್ತು ದಾಟಿದ ಹೆಂಗಸು ತನ್ನ ಮನೆಯೊಳಗೆ ತಾನು ಕುಣಿದರೆ ಊರಿಗೆಲ್ಲ ಕಾಲು ನೋವು ಬರುತ್ತದೆ. ಹಾಗಾಗಿ ವಿದ್ಯಾರಣ್ಯಪುರಂನ ನಮ್ಮ ಬಾಡಿಗೆ ಮನೆಯಲ್ಲಿ ಇಂಥ ಪ್ರಸಂಗಗಳಿಗೆ ಬರವೇ ಇರಲಿಲ್ಲ. ದಪ್ಪ ಟೀವಿಗಳ ಕಾಲ ಅದು. ಮಗ ಆಡಿ ಬೇಸತ್ತು ಬಿಟ್ಟ ವಿಡಿಯೋ ಗೇಮ್ ಪೆಟ್ಟಿಗೆ, ಜೊತೆಗೆ ಕುಣಿಯುವ ಮ್ಯಾಟು, ಹಾಡುವ ಮೈಕು ನನ್ನ ಪಾಲಿಗೆ ಬಂದವು. ಟೀವಿಯಲ್ಲಿ ಬಾಣ ತೋರಿಸಿದ ಕಡೆ ಮ್ಯಾಟಿನ ಮೇಲೆ ಕಾಲಿಡಬೇಕು, ಅಷ್ಟೇ. ಬೀದಿಯ ಹೆಂಗಸರು ಊಟ ಮುಗಿಸಿ ಮಹಡಿ ಹತ್ತತೊಡಗಿದರು.

ಹಾಸಿದ್ದು ಯಾಕೆ?

ಮೊದಲ ದಿನ ಎದುರು ಮನೆಯ ಅಜ್ಜಿ ಬಂದರು. ಹಾಸಿದೆ ಅಂದಮೇಲೆ ಕೂರುವುದಕ್ಕೇ ತಾನೆ? ಮ್ಯಾಟಿನ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತು ಮಲ್ಲಿಗೆ ಕಟ್ಟಲು ಶುರುಮಾಡಿದರು.

"ಅದು ಕುಣಿಯೋಕೆ ಕಣಜ್ಜಿ," ಅಂದೆ.

"ಬಂದೋರಿಗೆ ಚಾಪೆ ಹಾಸ್ಬುಟ್ಟು, ಕೂತ್ಮೇಲೆ ಎದ್ದು ಕುಣೀರಿ ಅನ್ನೋದು ಯಾವ ಮರ್ಯಾದೆನಮ್ಮ? ಬೇಕಾದ್ರೆ ನೀವೇ ನನ್ ಸುತ್ತ ಕುಣ್ಕೊಳಿ."

ಅವರ ಸುತ್ತಲೇ ಕುಣಿದೆವು.

ಅಕ್ಕನಿಗೆ ಸೊನ್ನೆ

ಅಗ್ರಹಾರದಿಂದ ನನ್ನ ಅಕ್ಕ ಬಂದಿದ್ದಳು. ಸಂಗೀತದ ಟೀಚರು. ಕೈಗೆ ಮೈಕು ಕೊಟ್ಟೆ. ಆ ಪೆಟ್ಟಿಗೆಗೋ, ಸ್ವರವನ್ನು ನೆಟ್ಟಗೆ ಹಿಡಿದರೆ ಮಾತ್ರ ಅಂಕ. ನಮ್ಮಕ್ಕ ಯಾವ ಸ್ವರವನ್ನು ನೆಟ್ಟಗೆ ಇರಲು ಬಿಟ್ಟವಳು? ಒಂದೊಂದಕ್ಕೂ ಗಮಕ ಹಾಕಿ ತೂಗಿ ಬಳುಕಿಸಿ ಹಾಡಿದಳು. ಟೀವಿ ಕೊಟ್ಟದ್ದು ಸೊನ್ನೆ.

ಅಕ್ಕ ಮೈಕು ಕೆಳಗಿಟ್ಟಳು. "ಇದಕ್ಕೆ ಪಾಠ ಹೇಳಿದ ಮೇಷ್ಟ್ರು ಯಾರೇ? ನಾಳೆ ಬೆಳಿಗ್ಗೆಯಿಂದ ನನ್ ಹತ್ರ ಕಳಿಸು, ಸರಳೆ ವರಸೆಯಿಂದ ಶುರು ಮಾಡಿಸ್ತೀನಿ."

ಮನೆ ಖಾಲಿ ಮಾಡಿ

ಕೆಳಗೆ ಓನರ್ ಮನೆ. ಮಧ್ಯಾಹ್ನ ಮಲಗುವುದು ಓನರಿಗೆ ಒಂದು ವ್ರತ. ತಲೆ ಮೇಲೇ ಧಡಧಡ ಅನ್ನುತ್ತದೆಂದು ಹೇಳಿಕಳಿಸುತ್ತಲೇ ಇದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಡಿಗೆ ಕೊಡುವ ಮನೆಯಲ್ಲಿ ಕಾಲನ್ನು ತಲೆ ಮೇಲೆ ಹೊತ್ತು ಓಡಾಡಲೇ? ಆದರೂ ಬೇರೆ ಮನೆ ಹುಡುಕಬೇಕಾದೀತೆಂದು ಒಳಗೊಳಗೇ ಹೆದರಿಕೆಯಿತ್ತು.

ಒಂದು ದಿನ ಅವರೇ ಬಂದರು. ಹೊರಗಿನ ಸುಡುಬಿಸಿಲಿಂದ, ಪರದೆ ಎಳೆದ ಕತ್ತಲೆ ಕೋಣೆಗೆ ನುಗ್ಗಿದವರ ಕಣ್ಣಿಗೆ ಬಾಗಿಲು ತೆಗೆದ ನಾನೊಬ್ಬಳೇ ಕಂಡೆ.

"ಇವತ್ತೇ ಈ ಕುಣಿತ ನಿಲ್ಬೇಕು. ಇಲ್ಲ, ಮನೆ ಖಾಲಿ ಮಾಡಿ!"

"ಕುಣಿಯೋದು ನಿಲ್ಸಲ್ಲ ಸ್ವಾಮಿ. ಖಾಲಿ ಮಾಡ್ಸೋದಾದ್ರೆ ಮಾಡ್ಸಿ," ಅಂದೆ.

"ನಮ್ಮನೆಯವಳನ್ನ ನೋಡಿ ಕಲೀರಿ. ಈ ಹೊತ್ನಲ್ಲಿ ಅವಳ ಪಾಡಿಗೆ ಅವಳು ಭಜನೆಗೆ ಹೋಗಿರ್ತಾಳೆ," ಎನ್ನುತ್ತ ಟೀವಿ ಆರಿಸಲು ಅದರ ಮುಂದೆ ಹೋಗಿ ನಿಂತರು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಮ್ಯಾಟಿನ ಮೇಲೆ ಕುಣಿಯುತ್ತಿದ್ದ ಅವರ ಹೆಂಡತಿ ಕಾಲು ನಿಲ್ಲಿಸಲೇ ಇಲ್ಲ.

"ರೀ, ಇವ್ರನ್ನ ಖಾಲಿ ಮಾಡ್ಸಿದ್ರೆ ನಾನೂ ಇವ್ರ ಹಿಂದೇನೇ ಹೊರಟೆ ಅಂತ ತಿಳ್ಕೊಳಿ. ಈಗ ಆ ಟೀವಿ ಬಿಟ್ಟು ಪಕ್ಕಕ್ಕೆ ಬನ್ನಿ, ಬಾಣ ಕಾಣ್ತಿಲ್ಲ!"