ಫಿನಿಯಾಸನ ಮೂರು ಒದೆತ

ದಕ್ಷಿಣ ಆಫ್ರಿಕಾದ ಮಾಮೆಲೋಡಿಯಲ್ಲಿ, ಫಿನಿಯಾಸನ ಮನೆಯಲ್ಲಿ ರೆಕಾರ್ಡ್ ತಿರುಗುವಾಗ ಯಾರೂ ದಪದಪ ನಡೆಯಕೂಡದು. ಸೀನು ಬಂದರೆ ಅಂಗಳಕ್ಕೆ ಓಡಬೇಕು. ಮುಳ್ಳು ಹಾರಿಬಿಟ್ಟರೆ ಗತಿಯೇನು? (ಮಗಳು ಟುಮೆಲೊ ತೊಟ್ಟಿಲಲ್ಲಿದ್ದಾಗಲೂ ಈ ಮನೆ ಇಷ್ಟು ತೆಪ್ಪಗಿರಲಿಲ್ಲ ಎಂಬುದು ಹೆಂಡತಿ ಮೊಖಾಡಿಯ ದೂರು.)

"ಫೋನಲ್ಲೇ ಹಾಡು ಬರುತ್ತಲ್ಲ, ಟುಮೆಲೊ ಅಪ್ಪ?"

"ಅದೂ ಒಂದು ಹಾಡಾ? ಉಪ್ಪಿಲ್ಲದ ಗಂಜಿ! ರೆಕಾರ್ಡ್ ಅಂದ್ರೆ ಎರಡು ಕೈಲಿ ಎತ್ತಬೇಕು, ಮೆತ್ತಗೆ ಮುಳ್ಳು ಇಳಿಸಬೇಕು, ಒಂದು ಮಗ್ಗುಲು ಮುಗಿಯೋ ತನಕ ಅಲ್ಲಾಡದೆ ಕೂರಬೇಕು. ಆ ಚರಚರ ಇದೆಯಲ್ಲ, ಅದು ಅದರ ಉಸಿರು ಕಣೇ!"

"ಗೂರಲು ಹಿಡಿದಂಗಿದೆ, ಪಾಪ."

ಊರಿನ ಜಾಝ್ ಸಂಘದವರು ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಅಂಗಳದಲ್ಲಿ ಸೇರುತ್ತಾರೆ. ಪ್ರತಿಯೊಬ್ಬನೂ ತನ್ನ ರೆಕಾರ್ಡ್ ಹಾಕಿ, ಮಿರಿಮಿರಿ ಮಿಂಚುವ ಬೂಟು ತೊಟ್ಟು, ಅದಕ್ಕೆ ಒಬ್ಬನೇ ಕುಣಿಯಬೇಕು. ಫಿನಿಯಾಸನ ಕೀರ್ತಿಯೆಲ್ಲ ಅವನ ರೆಕಾರ್ಡಿನ ಒಂದೇ ಜಾಗದ್ದು. ಅಲ್ಲಿ ಸ್ಯಾಕ್ಸಫೋನು ಒಂದೇ ತಿರುವನ್ನು ಮೂರು ಸಲ ಊದುತ್ತದೆ, ಇವನು ಬಲಗಾಲನ್ನು ಮೂರು ಸಲ ಝಾಡಿಸುತ್ತಾನೆ, ಮೂರನೆಯದಕ್ಕೆ ಟೋಪಿ ಆಕಾಶಕ್ಕೆ! "ಅದು ವಿರಹ. ನೊಂದವನು ಒಂದೇ ಮಾತನ್ನ ಮೂರು ಸಲ ಹೇಳ್ತಾನೆ" ಎಂಬ ಘನಗಂಭೀರ ಉಪನ್ಯಾಸ ಬೇರೆ.

ಈ ಸಲ ಕೂಟ ಅವನದೇ ಅಂಗಳದಲ್ಲಿ. ಮುದಿ ಅಧ್ಯಕ್ಷ ಸೆಲ್ಲೊ ಮಾಮ ಪಟ್ಟ ಬಿಡುವವರಿದ್ದರು, ಚೆನ್ನಾಗಿ ಕುಣಿದವನಿಗೆ ಅಧ್ಯಕ್ಷ ಪೀಠ. ಫಿನಿಯಾಸ್ ಆ ಕುರ್ಚಿಗಾಗಿ ಹಂಬಲಿಸಿ ಹಂಬಲಿಸಿ ಅರ್ಧ ಸೊರಗಿದ್ದ. ಮೊಖಾಡಿಗೂ ಒಳಗೊಳಗೇ ಆಸೆಯಿತ್ತು. ಗಂಡ ಕ್ಷೌರಕ್ಕೆ ಹೋದಾಗ ಅವಳು ಪ್ರೀತಿಯಿಂದ ಆ ರೆಕಾರ್ಡನ್ನು ಸೋಪು ನೀರಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಊಟದ ತಟ್ಟೆಗಳ ನಡುವೆ ಒಣಗಲು ನಿಲ್ಲಿಸಿದಳು.

ಸಂಜೆ ಮುಳ್ಳು ಇಳಿಯಿತು. ಚರಚರವೇ ಇಲ್ಲ! ಫಿನಿಯಾಸನಿಗೆ ದಿಗಿಲಾದರೂ ಕಾಲು ಕುಣಿಯತೊಡಗಿತ್ತು. ಆ ಪ್ರಸಿದ್ಧ ಜಾಗ ಬಂತು. ಮೊದಲ ಒದೆತ ಸರಿಯಾಗಿ ಬಿತ್ತು. ಸ್ಯಾಕ್ಸಫೋನು ಮಾತ್ರ ತಿರುಗಿಯೂ ನೋಡದೆ ಮುಂದೆ ಹೊರಟುಹೋಯಿತು. ಅಭ್ಯಾಸಬಲದ ಕಾಲು ಕೇಳಬೇಕಲ್ಲ, ಎರಡನೆಯದನ್ನೂ ಮೂರನೆಯದನ್ನೂ ಸುಮ್ಮನೆ ಗಾಳಿಗೆ ಝಾಡಿಸಿತು. ಟೋಪಿ ಹಾರಿ ಬೋಟಿ ಸಾರಿನ ಪಾತ್ರೆಗೆ ಬಿತ್ತು.

"ಯಾರು ಇದನ್ನ ಮುಟ್ಟಿದ್ದು?"

"ನಾನೇ, ಟುಮೆಲೊ ಅಪ್ಪ. ನಡುವೆ ಒಂದು ಕಾಳಿನಷ್ಟು ಜೋಳದ ಗಂಜಿ ಅಂಟಿ ಒಣಗಿತ್ತು. ನೆನೆಸಿ ತೆಗೆದೆ."

"ಗಂಜಿನಾ? ಆ ಹಾಡಿನ ಪೆಟ್ಟಿಗೆ ಹತ್ರ ತಟ್ಟೆ ಹಿಡ್ಕೊಂಡು ಹೋದವರು ಯಾರು?"

"ಈ ಮನೇಲಿ ಅದರ ಹತ್ರ ಕೂರೋ ಅಪ್ಪಣೆ ಒಬ್ಬರಿಗೇ ಇರೋದು."

ಸೆಲ್ಲೊ ಮಾಮ ಹೊಟ್ಟೆ ಹಿಡಿದು ನಕ್ಕರು. "ವಿರಹ ಅಂತಿದ್ದೆಯಲ್ಲೋ ಫಿನಿಯಾಸ್! ಮುಳ್ಳು ಗಂಜಿಗೆ ಎಡವಿ ಎಡವಿ ಹಿಂದಕ್ಕೆ ಬೀಳ್ತಿತ್ತು ಕಣೋ!" ಆಮೇಲೆ ಕಣ್ಣೊರೆಸಿಕೊಂಡು ಮುಳ್ಳನ್ನು ಮತ್ತೆ ಮೊದಲಿಗಿಟ್ಟರು. ಎಲ್ಲರೂ ಪೆಟ್ಟಿಗೆಯತ್ತ ಬಾಗಿ ಕಿವಿಗೊಟ್ಟರು. "ಹಿಂದೆ ಪಿಯಾನೊ ಬೇರೆ ಇದೆಯೇನೋ! ಇಷ್ಟು ವರ್ಷ ಕೇಳಿದೀವಿ, ಇವತ್ತು ಕೇಳಿಸ್ತು. ಮೊಖಾಡಿ, ನನ್ನವೂ ಸ್ವಲ್ಪ ತೊಳೆದು ಕೊಡ್ತೀಯೇನಮ್ಮ?"

ಮುಂದಿನ ಭಾನುವಾರ ಸಂಘವೆಲ್ಲ ಕಂಕುಳಲ್ಲಿ ರೆಕಾರ್ಡ್ ಇಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ಸಾಲುಗಟ್ಟಿತು. ಅಧ್ಯಕ್ಷ ಪೀಠ ಕೊನೆಗೂ ಫಿನಿಯಾಸನ ಮನೆಗೇ ಬಂತು. ಅದರಲ್ಲಿ ಮೊಖಾಡಿ ಕಣ್ಣು ಮುಚ್ಚಿ ಕುಳಿತು, ತೊಳೆದದ್ದನ್ನು ಒಂದೊಂದಾಗಿ ಹಾಕಿಸಿ ಕೇಳುತ್ತಿದ್ದಳು. ಅಂಗಿಯ ತೋಳು ಮಡಿಸಿದ ಫಿನಿಯಾಸ್ ಸೋಪಿನ ಬಕೆಟ್ ಹೊತ್ತು ಬಂದ.

"ಶ್! ಟುಮೆಲೊ ಅಪ್ಪ, ದಪದಪ ನಡೀಬೇಡಿ. ಮುಳ್ಳು ಹಾರುತ್ತೆ."