ದೊಡ್ಡೋರ ಸಾಲಿನಲ್ಲಿ ಒಂದು ಜಾಗ ಖಾಲಿ

ಧೈರ್ಯಸ್ಥರಿಗೆ ಏನೂ ಆಗುವುದಿಲ್ಲ, ಆಗುವುದೆಲ್ಲ ನನಗೇ ಆಗುತ್ತದೆ. ನಾನು ಹುಟ್ಟಾ ಪುಕ್ಕಲ. ಬೆಕ್ಕು ಸೀನಿದರೂ ಎದೆ ಹಿಡಿದುಕೊಳ್ಳುವವನು. ಇಂಥವನಿಗೆ ದೇವರು ಕೊಟ್ಟ ಕಸುಬು ನೋಡಿ: ನಾರಾಯಣಪೇಟೆಯ ಹಳೆಯ ರುದ್ರಭೂಮಿಯಲ್ಲಿ ಸಮಾಧಿಗಳ ಮೇಲೆ ಹೆಸರು ಬರೆಯುವುದು. ಅಂಗಡಿ ಬೋರ್ಡುಗಳೆಲ್ಲ ಫ್ಲೆಕ್ಸಿನವರ ಪಾಲಾದವು. ಸತ್ತವರು ಮಾತ್ರ ಇನ್ನೂ ಕುಂಚದ ಅಕ್ಷರವನ್ನೇ ಬಯಸುತ್ತಾರೆ. ಪೆತ್ರಮಾಸೆ, ಅಂದರೆ ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ, ಹತ್ತಿರ ಬಂತೆಂದರೆ ಅವರ ಮನೆಯವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಒಲ್ಲೆ ಅನ್ನುವ ಹಾಗಿಲ್ಲ. ನಾನು ಒಲ್ಲೆ ಅಂದರೆ ಬರಲು ಮಕ್ತಲದ ಪೇಂಟರ್ ಒಬ್ಬ ತುದಿಗಾಲಲ್ಲಿ ನಿಂತಿದ್ದಾನೆ. ಅವನ ಅಕ್ಷರ ನನ್ನದಕ್ಕಿಂತ ದುಂಡಗೆ ಅನ್ನುವ ಜನರೂ ಇದ್ದಾರೆ. ಅವನಿಗೂ ನನಗೂ ಮಾತುಕತೆ ಇಲ್ಲ. ನಿಜ ಹೇಳಬೇಕೆಂದರೆ ದೆವ್ವಕ್ಕಿಂತ ಅವನ ಭಯವೇ ನನ್ನನ್ನು ಇಷ್ಟು ದಿನ ಸ್ಮಶಾನದಲ್ಲಿ ಕೂರಿಸಿದೆ.

ಪೈಲ್ವಾನರ ಮಾತು

ರುದ್ರಭೂಮಿಯ ನಡುವೆ ಬೇವಿನ ಮರಗಳ ಕೆಳಗೆ ದೊಡ್ಡೋರ ಸಾಲು ಅಂತ ಒಂದು ಸಾಲಿದೆ. ಗದ್ವಾಲದ ಅರಮನೆಗೆ ಸೀರೆ ನೇಯ್ದುಕೊಟ್ಟ ನೇಕಾರರು ಅಲ್ಲಿದ್ದಾರೆ. ನಿಜಾಮರ ಕಾಲದಲ್ಲಿ ಕಂದಾಯ ವಸೂಲಿ ನೋಡಿಕೊಳ್ಳುತ್ತಿದ್ದ ಗಿರ್ದಾವರರು ಇದ್ದಾರೆ. ಅವರು ಇಲ್ಲಿ ಕೆಮ್ಮಿದರೆ ದಾಮರಗಿದ್ದದಲ್ಲಿ ಜನ ಎದ್ದು ನಿಲ್ಲುತ್ತಿದ್ದರಂತೆ. ಹಾರ್ಮೋನಿಯಂ ಮಾಸ್ತರರು ಇದ್ದಾರೆ. ಕುಸ್ತಿಯಲ್ಲಿ ಒಮ್ಮೆಯೂ ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದ ಪೈಲ್ವಾನರು ಇದ್ದಾರೆ. ಸತ್ತ ಮೇಲೂ ಅವರ ಬೆನ್ನು ನೆಲ ಮುಟ್ಟಲಿಲ್ಲ. ನಮ್ಮವರಲ್ಲಿ ಹೂಳುವಾಗ ಮಲಗಿಸುವುದಿಲ್ಲ. ಗುಂಡಿಯ ಗೋಡೆಯಲ್ಲಿ ಗೂಡು ಕೊರೆದು, ಪದ್ಮಾಸನ ಹಾಕಿಸಿ ಕೂರಿಸುತ್ತೇವೆ.

ಯಾರ ಸಮಾಧಿಯ ಬಳಿ ಕೂತರೂ ಮೊದಲು ಅಪ್ಪಣೆ ಕೇಳುವುದು ನನ್ನ ರೂಢಿ. ಅವತ್ತು ಪೈಲ್ವಾನರ ಮುಂದೆ ಕೈಮುಗಿದು, "ಪೈಲ್ವಾನ್ರೀ, ನಿಮ್ಮ ಹೆಸರು ಮಾಸೈತ್ರಿ. ಸ್ವಲ್ಪ ಕುಂದ್ರಲೇನ್ರಿ?" ಅಂದೆ.

"ಕುಂದ್ರಪಾ, ಯಾರು ಬ್ಯಾಡ ಅಂತಾರ," ಎಂದು ಸಮಾಧಿಯೊಳಗಿಂದ ಉತ್ತರ ಬಂತು.

ಬೆಚ್ಚಿ ಎರಡೂ ಕೈ ಮೇಲೆತ್ತಿದೆ, ಹಿಡಿದಿದ್ದ ಕೆಂಪು ಬಣ್ಣದ ಡಬ್ಬಿ ನನ್ನ ತಲೆಯ ಮೇಲೇ ಬಿತ್ತು. ನಾನು ಕಿರುಚಿದೆ. ಸಮಾಧಿಯ ಹಿಂದೆ ನೆರಳಿಗೆ ಮಲಗಿದ್ದ ಕುರಿ ಕಾಯುವವನು ಎದ್ದು ನೋಡಿದ. ನೆತ್ತಿಯಿಂದ ಕೆಂಪಗೆ ಸುರಿಯುತ್ತಿದ್ದ ನನ್ನನ್ನು ಕಂಡು ಅವನೂ ಕಿರುಚಿದ. ಅವನು ಧನ್ವಾಡದ ಕಡೆ ಓಡಿದ, ನಾನು ಪೇಟೆಯ ಕಡೆ ಓಡಿದೆ. ಕುರಿಗಳು ಮಾತ್ರ ನಿಂತಲ್ಲೇ ಮೇಯುತ್ತಿದ್ದವು.

ಸಂಜೆಗೆಲ್ಲ ಎರಡೂ ಕಥೆ ಊರು ಸುತ್ತಿದವು. ಪೈಲ್ವಾನರ ಸಮಾಧಿಯ ಹತ್ತಿರ ಮಾತಾಡುವ ದೆವ್ವ ಒಂದು, ರಕ್ತ ಕಾರುವ ದೆವ್ವ ಇನ್ನೊಂದು ಇದೆಯೆಂದು ಊರು ಇವತ್ತಿಗೂ ನಂಬಿದೆ. ಎರಡನೆಯದು ನಾನೇ ಎಂದು ಗೊತ್ತಿದ್ದರೂ ಆ ಕಡೆ ಹೋಗುವಾಗ ನನಗೆ ಅದರದೇ ಭಯ.

ಟವಲ್

ಆ ಸಾಲಿನಲ್ಲಿ ಉಳಿದಿದ್ದು ಒಂದೇ ಜಾಗ, ಪೈಲ್ವಾನರಿಗೂ ಹಾರ್ಮೋನಿಯಂ ಮಾಸ್ತರರಿಗೂ ನಡುವೆ. ಅದರ ಗೊಡವೆಗೆ ಯಾರೂ ಹೋಗಿರಲಿಲ್ಲ. ನಮ್ಮ ನಿವೃತ್ತ ಹೆಡ್ ಮಾಸ್ತರರು ಒಂದು ಬೆಳಿಗ್ಗೆ ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಚಹಾದಂಗಡಿಗೆ ಬಂದರು, ಅಲ್ಲಿಂದ ಶುರುವಾಯಿತು.

"ಸ್ಪೇನ್ ದೇಶದಾಗ ಒಂದು ಹಳೇ ಸ್ಮಶಾನ ಐತ್ರೀ," ಅಂದರು. "ಹಾಡೋರು, ಚಿತ್ರ ಬರೆಯೋರು, ಗೂಳಿ ಜೋಡಿ ಕಾದಾಡೋರು, ಎಲ್ಲಾ ದೊಡ್ಡೋರು ಅಲ್ಲೇ ಅದಾರ. ದೇಶ ದೇಶದ ಮಂದಿ ನೋಡಾಕ ಬರ್ತಾರ. ನಾಳೆ ನಮ್ಮ ಸಾಲಿಗೂ ಬರ್ತಾರ, ಬರ್ದಿಟ್ಕೋರಿ."

ಎದುರು ಬೆಂಚಿನಲ್ಲಿ ಕೂತಿದ್ದ ಸೀರೆ ಸಾವುಕಾರರ ಕಿವಿ ನೆಟ್ಟಗಾಯಿತು. "ಅವರನ್ನ ಹೆಂಗ ಇಟ್ಟಾರ್ರಿ ಅಲ್ಲಿ?"

"ಗ್ವಾಡಿಯೊಳಗ ಗೂಡು ಮಾಡಿ, ಒಬ್ಬರ ಮ್ಯಾಲ ಒಬ್ಬರನ್ನ."

"ಅಂದ್ರ ನಮ್ಮ ಅಂಗಡ್ಯಾಗ ಸೀರಿ ಇಟ್ಟಂಗ ಅನ್ರಿ. ಹಂಗಾದ್ರ ಆ ಖಾಲಿ ಜಾಗ ನನಗ."

"ನಿಮಗ್ಯಾಕ? ಈ ಊರಿಗೆ ಅಕ್ಷರ ಕಲಿಸಿದಂವ ನಾನು!"

"ಈ ಊರಿಗೆ ಮೈಮ್ಯಾಲ ಅರಿವಿ ಕೊಟ್ಟಂವ ನಾನು!"

ಜಗಳ ಮಠದ ಅಯ್ಯನವರ ಹತ್ತಿರ ಹೋಯಿತು. ಸಾಲಿನ ಮೇಲೆ ಹಕ್ಕು ಅವರದೇ. ಯಾರು ಮೊದಲು ಹೋಗುತ್ತಾರೋ ಜಾಗ ಅವರಿಗೆ ಎಂದು ತೀರ್ಪು ಕೊಟ್ಟರು. ಇಬ್ಬರೂ ಮೀಸೆ ತಿರುವುತ್ತ ಮಠದ ಮೆಟ್ಟಿಲು ಇಳಿದರು, ಕೊನೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಇಬ್ಬರ ಮುಖವೂ ಬಿಳಿಚಿತ್ತು. ಜಾಗ ಇಬ್ಬರಿಗೂ ಬೇಕಿತ್ತು, ಹೋಗುವುದು ಇಬ್ಬರಿಗೂ ಬೇಡವಾಗಿತ್ತು.

ಮರುದಿನ ನಾನು ಕೆಲಸಕ್ಕೆ ಹೋದಾಗ ಆ ಖಾಲಿ ಜಾಗದಲ್ಲಿ ಬೆಳ್ಳಗಿನದೊಂದು ಬಿದ್ದುಕೊಂಡು ಉಸಿರಾಡುತ್ತಿತ್ತು. ಎದ್ದೆನೋ ಬಿದ್ದೆನೋ ಅಂತ ಓಡಿ ಅಯ್ಯನವರನ್ನು ಕರೆತಂದೆ. ನೋಡಿದರೆ ಸಾವುಕಾರರ ಟವಲ್. ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಬೇರೆ. ಗದ್ವಾಲದ ಬಸ್ಸಿಗೆ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವ ಹಾಗೆ ಹಿಡಿದಿದ್ದರು.

ಹೆಡ್ ಮಾಸ್ತರರು ಓಡಿ ಬಂದರು. "ಇದು ನಡೆಯಾಂಗಿಲ್ರೀ ಅಯ್ನೋರ!"

ಅಯ್ಯನವರು ತಣ್ಣಗೆ, "ಬಸ್ಸಿನ್ಯಾಗೂ ಟವಲ್ ಹಾಕಿದಂವ ಬಂದು ಕುಂದ್ರಬೇಕಲ್ಲಪಾ. ಬಂದು ಕುಂದ್ರಲಿ, ಕೊಟ್ಟುಬಿಡೂಣು," ಅಂದರು.

ಗೂಡಿನೊಳಗೆ

ಸಾವುಕಾರರು ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಆ ಜಾಗದಲ್ಲಿ ಗುಂಡಿಯನ್ನೇ ತೋಡಿಸಿದರು, ಗೂಡನ್ನೂ ಕೊರೆಸಿದರು. ಊರು ನಡುಗಿತು. ತೋಡಿದ ಗುಂಡಿ ಖಾಲಿ ಬಿಟ್ಟರೆ ಅದು ಯಾರನ್ನಾದರೂ ಕರೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಿಂದಿನಿಂದಲೂ ಇದೆ. ಹೆಂಗಸರು ಮಕ್ಕಳನ್ನು ಆ ದಾರಿಯಲ್ಲಿ ಕಳಿಸುವುದನ್ನು ನಿಲ್ಲಿಸಿದರು. ನನಗಂತೂ ಯಾರಾದರೂ ಹೆಸರು ಹಿಡಿದು ಕೂಗಿದರೆ ಸಾಕು, ಗುಂಡಿಯೇ ಕೂಗಿತೇನೋ ಅಂತ ಕಾಲು ತಣ್ಣಗಾಗುತ್ತಿತ್ತು.

ಒಂದು ಸುಡುಬಿಸಿಲಿನ ಮಧ್ಯಾಹ್ನ. ನಾನು ಗಿರ್ದಾವರರ ಹೆಸರು ತಿದ್ದುತ್ತಿದ್ದೆ. ಗುಂಡಿ ನಿಜಕ್ಕೂ ಕರೆಯಿತು.

"ಪೇಂಟರಾ... ಏ ಪೇಂಟರಾ..."

ತೆವಳಿಕೊಂಡು ಹೋಗಿ ಬಗ್ಗಿ ನೋಡಿದೆ. ಗೂಡಿನೊಳಗೆ ಸಾವುಕಾರರು ಪದ್ಮಾಸನ ಹಾಕಿ ಕೂತಿದ್ದರು. ಹಣೆ ತುಂಬ ವಿಭೂತಿ. ನನಗೆ ಹೇಳದೆ ಹೂಳಿಬಿಟ್ಟಿದ್ದಾರೆ ಅಂದುಕೊಂಡೆ.

"ಹಂಗ್ಯಾಕ ನೋಡ್ತಿ? ತೆಲಿ ಬಡಿತೈತೇನು ನೋಡಾಕ ಇಳಿದಿದ್ದೆ. ಮಣಕಾಲು ಹಿಡಕೊಂಡಾವ, ಏಳಾಕ ಬರವಲ್ದು. ಕೈ ಕೊಡು."

ಸಮಾಧಿಯೊಳಗಿಂದ ಚಾಚಿದ ಕೈಗೆ ನನ್ನ ಕೈ ಕೊಡುವುದೇ! ಬೇಕಾದರೆ ಅವರು ಅಲ್ಲೇ ಇರಲಿ ಅನ್ನಿಸಿತು. "ಸಾವುಕಾರ್ರೀ, ಮೊದಲು ನೀವು ಬದುಕೀರಿ ಅಂತ ಗ್ಯಾರಂಟಿ ಕೊಡ್ರಿ," ಅಂದೆ. ಅವರು ಕೊಟ್ಟ ಗ್ಯಾರಂಟಿಯನ್ನು ಇಲ್ಲಿ ಬರೆಯುವಂತಿಲ್ಲ. ಬದುಕಿರುವವರ ಬಾಯಿಂದ ಮಾತ್ರ ಬರುವಂಥ ಬೈಗುಳ ಅದು.

ಗಲಾಟೆ ಕೇಳಿ ಹೆಡ್ ಮಾಸ್ತರರು ಕೊಡೆ ಹಿಡಿದು ಬಂದರು. ದಿನಕ್ಕೊಮ್ಮೆ ಜಾಗ ನೋಡಿಹೋಗುವುದು ಅವರ ವಾಡಿಕೆಯಾಗಿತ್ತು. ಗುಂಡಿಯೊಳಗೆ ಕೂತ ಸಾವುಕಾರರನ್ನು ಕಂಡದ್ದೇ ಕೊಡೆ ಮಡಚಿ ಕೈಮುಗಿದರು. ಆಮೇಲೆ ಸಾವುಕಾರರ ಕಣ್ಣುರೆಪ್ಪೆ ಆಡಿದ್ದು ಕಾಣಿಸಿತು. ತಕ್ಷಣ ಬೊಬ್ಬೆ ಹೊಡೆದರು.

"ಮೋಸ! ಸಾಯದೇ ಕುಂದ್ರಾಂಗಿಲ್ಲ! ಏಳ್ರಿ ಮ್ಯಾಲ!"

ಜ್ವರ

ಅದೇ ಟವಲನ್ನು ಕಂಕುಳಿಗೆ ಹಾಕಿ ಸಾವುಕಾರರನ್ನು ಎಳೆದದ್ದಾಯಿತು. ಅಂದು ಸಂಜೆಯೇ ಅವರಿಗೆ ಚಳಿಜ್ವರ ಬಂತು. ಗುಂಡಿ ಕರೆಯಿತು ಎಂದು ಊರೆಲ್ಲ ಗುಸುಗುಸು.

ಎಲ್ಲರಿಗಿಂತ ಹೆಚ್ಚು ಹೆದರಿದವರು ಹೆಡ್ ಮಾಸ್ತರರು. ಸಾವುಕಾರರು ಹೋದರೆ ಜಾಗ ಹೋಯಿತು! ಬೆಳಗಾಗುವುದರೊಳಗೆ ಗಂಜಿಯ ತಪ್ಪೇಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಡಾಕ್ಟರನ್ನು ಕರೆಸಿದರು, ಮಾತ್ರೆಯನ್ನು ತಾವೇ ನುಂಗಿಸಿದರು, ಮಲದಕಲ್ಲಿನ ದೇವರಿಗೆ ಹರಕೆ ಹೊತ್ತರು. ತಲೆದಿಂಬಿನ ಬಳಿ ಕೂತು, "ಸಾವುಕಾರ್ರೀ, ನನ್ನ ಬಿಟ್ಟು ಹೋಗಬ್ಯಾಡ್ರಿ," ಎಂದು ಗಳಗಳ ಅತ್ತರು. ಸಾವುಕಾರರ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಡೆದ ಮಗ ಇಷ್ಟು ಮಾಡಲಿಲ್ರಿ," ಅಂದಳು.

ಜ್ವರ ಇಳಿಯಿತು. ಎದ್ದು ಕೂತ ಸಾವುಕಾರರಿಗೆ ಸತ್ಯ ಹೊಳೆಯಿತು. ಅಂದಿನಿಂದ ಹೆಡ್ ಮಾಸ್ತರರು ಸ್ಕೂಟರ್ ಹತ್ತಿದರೆ ಇವರು ಹಿಂದೆ ಕೂತು "ಸಾವಕಾಶ, ಸಾವಕಾಶ" ಅನ್ನುತ್ತಾರೆ. ಅವರು ಮಿರ್ಚಿ ಬಜ್ಜಿಗೆ ಕೈ ಹಾಕಿದರೆ ಇವರು ಕಸಿದುಕೊಳ್ಳುತ್ತಾರೆ. ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಂಥ ಶತ್ರು ನನಗೊಬ್ಬ ಇದ್ದಿದ್ದರೆ ನನ್ನ ಹಲ್ಲುನೋವಿಗೆ ಎಂದೋ ಔಷಧ ಆಗುತ್ತಿತ್ತು.

ಕಲಾವಿದ

ಕಳೆದ ಪೆತ್ರಮಾಸೆಯ ಹಿಂದಿನ ದಿನ ಇಬ್ಬರೂ ಕೂಡಿ ನನ್ನ ಮನೆಗೆ ಬಂದರು. ಕೈಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು. ಮಗಳ ಸಂಬಂಧ ಕೇಳಲು ಬಂದಿದ್ದಾರೆ ಅಂದುಕೊಂಡು ಹೆಂಡತಿ ಚಾಪೆ ಹಾಸಿದಳು.

"ಸ್ಪೇನಿನಾಗ ಚಿತ್ರ ಬರೆಯೋರನ್ನೂ ದೊಡ್ಡೋರ ಜೋಡಿ ಇಟ್ಟಾರ," ಹೆಡ್ ಮಾಸ್ತರರು ಗಂಟಲು ಸರಿ ಮಾಡಿಕೊಂಡರು. "ನೀನೂ ಕಲಾವಿದ ಅದಿ. ಇಷ್ಟು ದಿನ ನಾವೇ ಗುರ್ತು ಹಿಡಿಲಿಲ್ಲ."

ನನ್ನನ್ನು ಕಲಾವಿದ ಎಂದು ಕರೆದವರು ಆವರೆಗೆ ಯಾರೂ ಇರಲಿಲ್ಲ. ಕಣ್ಣು ತುಂಬಿ ಬಂತು.

"ಅದಕ್ಕ ಆ ಜಾಗ ನಿನಗ ಬಿಟ್ಟುಕೊಟ್ಟೀವಿ," ಅಂದರು ಸಾವುಕಾರರು. "ಅಯ್ನೋರೂ ಹೂಂ ಅಂದಾರ. ಗುಂಡಿ ಖಾಲಿ ಇರಬಾರದು ನೋಡು. ಅದು ಕರೆದ್ರ ಇನ್ನ ನಿನ್ನನ್ನ ಕರೀತೈತಿ, ನಮ್ಮನ್ನಲ್ಲ."

ತುಂಬಿದ ಕಣ್ಣು ಹಾಗೇ ಒಣಗಿತು. "ಅವಸರ ಏನಿಲ್ಲಲ್ರಿ?" ಅಂದೆ.

"ಏನೇನೂ ಇಲ್ಲ," ಎಂದು ಹೆಡ್ ಮಾಸ್ತರರು ನನ್ನ ಎತ್ತರವನ್ನು ಕಣ್ಣಲ್ಲೇ ಅಳೆದರು. "ನಿನ್ನ ತೆಲಿ ಬಡಿಯಂಗಿಲ್ಲ ಬಿಡು."

ಅವರು ಹೋದ ಮೇಲೆ ಒಂದು ಕೆಮ್ಮು ಬಂತು. ಬರೀ ಕೆಮ್ಮು, ಆದರೂ ಬೆವರಿಬಿಟ್ಟೆ. ಅವರಿಬ್ಬರೂ ಒಬ್ಬರನ್ನೊಬ್ಬರು ಕಾದುಕೊಂಡು ಬದುಕಿದರು. ಈ ಜಾಗಕ್ಕೆ ಈಗ ನಾನೊಬ್ಬನೇ. ನಾನು ಸತ್ತರೆ ನಷ್ಟ ಆಗುವವರು ಯಾರೂ ಇಲ್ಲ. ನನಗೆ ಗಂಜಿ ತರುವವರು ಯಾರು?

ಯೋಚಿಸುತ್ತ ಕೂರಲಿಲ್ಲ. ಸಿಕ್ಕ ಬಸ್ಸು ಹತ್ತಿ ಮಕ್ತಲಕ್ಕೆ ಹೋಗಿ, ಜನ್ಮದಲ್ಲಿ ಮೊದಲ ಸಲ ಆ ಪೇಂಟರ್‌ನ ಬಾಗಿಲು ಬಡಿದೆ. ಅವನು ಏಣಿ ಹಿಡಿದೇ ಹೊರಗೆ ಬಂದ, ಜಗಳಕ್ಕೆ ಬಂದಿದ್ದೇನೆ ಅಂತ. ನಾನು ಕೈಮುಗಿದೆ.

"ನೀನೂ ಕಲಾವಿದ ಅದಿ ಮಾರಾಯ. ದೊಡ್ಡೋರ ಸಾಲಿನ್ಯಾಗ ಒಂದು ಜಾಗ ಐತಿ. ನನಗ ಕೊಟ್ಟಾರ, ಆದರ ನಿನ್ನ ಅಕ್ಷರ ನನಗಿಂತ ದುಂಡಗ ಅದಾವ. ನನಗಿಂತ ಮೊದಲು ನೀ ಹೋದ್ರ ಜಾಗ ನಿನ್ನದು. ನಾ ಮೊದಲು ಹೋದ್ರ ಮಾತ್ರ ನನ್ನದು."

ಪುಣ್ಯಾತ್ಮ ಏಣಿ ಕೆಳಗಿಟ್ಟು ನನ್ನನ್ನು ತಬ್ಬಿಕೊಂಡ. ಮರುದಿನವೇ ನಾರಾಯಣಪೇಟೆಗೆ ಬಂದು ಗುಂಡಿಯ ಮೇಲೆ ಹಾಸುಗಲ್ಲು ಎಳೆಸಿ, ಅದರ ಮೇಲೆ ತನ್ನ ಟವಲ್ ಹಾಕಿದ. ನಾನೂ ಪಕ್ಕದಲ್ಲಿ ನನ್ನದು ಹಾಕಿದೆ.

ಈಗ ದಿನ ಬೆಳಗಾದರೆ ಅವನ ಫೋನು. "ಹೆಂಗ ಅದೀರಿ? ರಾತ್ರಿ ನಿದ್ದಿ ಬಂತೇನ್ರಿ?" ಮೊನ್ನೆ ಫೋನಿನಲ್ಲಿ ಕೆಮ್ಮಿದೆ. ಮಧ್ಯಾಹ್ನದೊಳಗೆ ಮೋಟಾರ್ ಸೈಕಲ್ ಹೊಡೆದುಕೊಂಡು ಬಂದು, ಔಷಧವನ್ನು ಚಮಚಕ್ಕೆ ಸುರಿದು ಬಾಯಿಗೆ ಹಿಡಿದ. ಕಣ್ಣಲ್ಲಿ ನೀರಿತ್ತು.

"ನೂರು ವರ್ಷ ಬಾಳಬೇಕ್ರಿ ನೀವು," ಅಂದ.

ಅಷ್ಟು ತುಂಬು ಮನಸ್ಸಿನಿಂದ ನನ್ನ ಹೆತ್ತ ತಾಯಿಯೂ ನನ್ನನ್ನು ಹರಸಿರಲಿಲ್ಲ.